ಸುಡೇಟನ್ ಸೀಮೆಯ ವ್ಯಾಯಾಮಶಿಕ್ಷಕ

ಬೊಹೀಮಿಯಾ ದೇಶದ ನಕಾಶೆಯನ್ನು ನೋಡಿದವರಿಗೆ ಮೊದಲು ಕಣ್ಣಿಗೆ ಬೀಳುವುದು ಅದನ್ನು ಮೂರು ಕಡೆಗಳಲ್ಲಿ ಕೋಟೆಯ ಗೋಡೆಯಂತೆ ಬಳಸಿ ನಿಂತಿರುವ ಬೆಟ್ಟಗಳ ಸಾಲು. ಒಳನಾಡಿನ ಬಯಲೂ ಪ್ರಾಗ್ ನಗರವೂ ಚೆಕ್ ಜನರವು; ಮುಂದೆ ಸುಡೇಟನ್ ಸೀಮೆಯೆಂದು ಹೆಸರಾದ ಆ ಬೆಟ್ಟಗಳ ಇಳುಕಲಿನಲ್ಲಿ ಕಾಡು ಕಡಿದು ಊರು ಕಟ್ಟಿದವರು, ಹನ್ನೆರಡು ಹದಿಮೂರನೆಯ ಶತಮಾನಗಳಲ್ಲಿ ಚೆಕ್ ಅರಸರ ಆಹ್ವಾನದ ಮೇಲೆಯೇ ಬಂದು ನೆಲಸಿದ ಜರ್ಮನ್ ಒಕ್ಕಲುಗಳು, ಗಣಿಗಾರರು, ಗಾಜಿನ ಕುಲುಮೆಯವರು. ಏಳುನೂರು ವರ್ಷಗಳ ಕಾಲ ಈ ಎರಡು ಜನಾಂಗಗಳು ಒಂದೇ ಸಂತೆಯಲ್ಲಿ ವ್ಯಾಪಾರಮಾಡಿ, ಒಂದೇ ಇಗರ್ಜಿಯಲ್ಲಿ ಮೊಣಕಾಲೂರಿ, ಎಷ್ಟೋ ಕಡೆ ಹೆಣ್ಣು ಕೊಟ್ಟು ತಂದು ಬಾಳಿದ್ದವು. ೧೯೩೦ರ ಜನಗಣತಿಯ ವೇಳೆಗೆ ಚೆಕೊಸ್ಲೊವಾಕಿಯಾ ಗಣರಾಜ್ಯದ ಸುಮಾರು ಒಂದು ಕೋಟಿ ನಲವತ್ತೇಳು ಲಕ್ಷ ಪ್ರಜೆಗಳಲ್ಲಿ ಮೂವತ್ತೆರಡು ಲಕ್ಷದಷ್ಟು ಮಂದಿ ಜರ್ಮನರಾಗಿದ್ದರು. ಅದಾಗಿ ಇಪ್ಪತ್ತು ವರ್ಷ ತುಂಬುವುದರೊಳಗೆ ಆ ಬೆಟ್ಟಗಳಲ್ಲಿ ಜರ್ಮನ್ ಮಾತು ಬಹುಮಟ್ಟಿಗೆ ಅಡಗಿಹೋಗಿದ್ದಿತು. ಇಷ್ಟು ದೊಡ್ಡ ಸರ್ವನಾಶಕ್ಕೆ ಒಬ್ಬನೇ ಮನುಷ್ಯನನ್ನು ಹೊಣೆಮಾಡುವುದು ಚರಿತ್ರೆಯ ಮಾರ್ಗವಲ್ಲ. ಆದರೆ ಆ ಜನಾಂಗವು ತಾನಾಗಿ ಆರಿಸಿಕೊಂಡ ನಾಯಕನೊಬ್ಬನಿದ್ದನು, ಅವನ ಬಾಳನ್ನು ಮೊದಲಿನಿಂದ ತಿಳಿದುಕೊಂಡಲ್ಲದೆ ಈ ಅನರ್ಥದ ಕ್ರಮವು ನಮಗೆ ಅರ್ಥವಾಗುವಂತಿಲ್ಲ.

ಕೊನ್ರಾಡ್ ಹೆನ್‌ಲೈನ್ ಹುಟ್ಟಿದುದು ೧೮೯೮ರ ಮೇ ೬ರಂದು, ರೈಖೆನ್‌ಬರ್ಗ್ ಪಟ್ಟಣದ ಮಗ್ಗುಲಿನ ಮಾಫರ್ಸ್‌ಡಾರ್ಫ್ ಎಂಬ ಊರಿನಲ್ಲಿ. ಚೆಕ್ ಜನರು ಆ ಪಟ್ಟಣವನ್ನು ಲಿಬೆರೆತ್ಸ್ ಎಂದೂ ಆ ಊರನ್ನು ವ್ರಾತಿಸ್ಲಾವಿತ್ಸೆ ಎಂದೂ ಕರೆಯುತ್ತಾರೆ. ಮೋಟಾರು ಗಾಡಿಗಳ ನಿರ್ಮಾಣದಲ್ಲಿ ಜಗದ್ವಿಖ್ಯಾತನಾದ ಫರ್ಡಿನಾಂಡ್ ಪೋರ್ಷೆಯೂ ಅದೇ ಊರಿನವನು, ಹೆನ್‌ಲೈನನಿಗಿಂತ ಸುಮಾರು ಇಪ್ಪತ್ತಮೂರು ವರ್ಷ ಹಿರಿಯ. ಹೆನ್‌ಲೈನನ ತಂದೆ ಲೆಕ್ಕಪತ್ರ ಬರೆಯುವ ಗುಮಾಸ್ತ. ತಾಯಿಯ ತವರುಮನೆಯ ಹೆಸರು ಚೆಕ್ ಹೆಸರು. ಮುಂದೆ ಮಗನು ಜರ್ಮನ್ ರಕ್ತದ ಶುದ್ಧಿಯನ್ನು ಸಾರುವ ರಾಜ್ಯವೊಂದರ ಅಧಿಕಾರಿಯಾದ ಕಾಲದಲ್ಲಿ ಆ ಹೆಸರಿನ ಅಕ್ಷರಗಳನ್ನು ಜರ್ಮನ್ ಕಿವಿಗೆ ಒಪ್ಪುವಂತೆ ತಿದ್ದಬೇಕಾಗಿ ಬಂದಿತು. ಗಡಿನಾಡಿನಲ್ಲಿ ಇಂತಹ ಮನೆತನಗಳು ಸಾವಿರಾರು ಇದ್ದುವು. ಇಂತಹ ಮಿಶ್ರಣವೇ ಆ ನಾಡಿನ ಸಹಜಸ್ಥಿತಿಯಾಗಿದ್ದಿತು. ಅದನ್ನು ಕಳಂಕವೆಂದು ಬಗೆದು ಮರೆಮಾಡಬೇಕಾದ ಕಾಲ ಬಂದುದೇ ವಿಪರೀತ.

ಹೆನ್‌ಲೈನ್ ಪಕ್ಕದ ಗಾಬ್ಲೊಂಟ್ಸ್ ಪಟ್ಟಣದ ವಾಣಿಜ್ಯಶಾಲೆಯಲ್ಲಿ ಓದಿ, ಹದಿನೆಂಟು ತುಂಬುತ್ತಲೇ, ಆಗ ಬೊಹೀಮಿಯಾವನ್ನು ಆಳುತ್ತಿದ್ದ ಆಸ್ಟ್ರಿಯಾ ಚಕ್ರವರ್ತಿಯ ಸೈನ್ಯಕ್ಕೆ ಸ್ವಯಂಪ್ರೇರಿತನಾಗಿ ಸೇರಿದನು. ಇಟಲಿಯ ರಣರಂಗದಲ್ಲಿ ೧೯೧೭ರ ನವೆಂಬರಿನಲ್ಲಿ ಸೆರೆಸಿಕ್ಕಿ, ಸಾರ್ಡೀನಿಯಾದ ಬಳಿಯ ಆಸಿನಾರಾ ಎಂಬ ಬರಡು ದ್ವೀಪದಲ್ಲಿ ಯುದ್ಧಬಂದಿಯಾಗಿ ದಿನಗಳನ್ನು ಕಳೆದನು. ಅಲ್ಲಿ ಅವನ ಕೈಗೆ ಸಿಕ್ಕಿದುವು ಫ್ರೀಡ್ರಿಖ್ ಲುಡ್ವಿಗ್ ಯಾನ್ ಎಂಬಾತನ ವಿಚಾರಗಳು. ನೆಪೋಲಿಯನ್ನನ ದಾಳಿಯಿಂದ ಪ್ರಷ್ಯಾ ಕುಗ್ಗಿದ್ದ ಕಾಲದಲ್ಲಿ, ಬರ್ಲಿನ್ ನಗರದ ಹೊರಗೆ ೧೮೧೧ರಲ್ಲಿ ಬಯಲು ವ್ಯಾಯಾಮಶಾಲೆಯೊಂದನ್ನು ತೆರೆದು, ದೇಹವನ್ನು ಹುರಿಗಟ್ಟಿಸಿದ ತರುಣರಿಂದಲೇ ರಾಷ್ಟ್ರವು ಮರಳಿ ಏಳಬೇಕೆಂದು ಬೋಧಿಸಿದ ಮನುಷ್ಯ ಈ ಯಾನ್. ಅವನ ಹೆಸರಿನಲ್ಲಿ ಜರ್ಮನರ ಊರೂರುಗಳಲ್ಲಿಯೂ ವ್ಯಾಯಾಮಸಂಘಗಳು ಹುಟ್ಟಿಕೊಂಡಿದ್ದುವು. ಚೆಕ್ ಜನರೂ ಈ ವಿಷಯದಲ್ಲಿ ಹಿಂದುಳಿದವರಲ್ಲ. ೧೮೬೨ರಲ್ಲಿ ಪ್ರಾಗ್‌ನಲ್ಲಿ ಸ್ಥಾಪಿತವಾದ ಅವರ ‘ಸೊಕೊಲ್’ ಸಂಸ್ಥೆಯು ಸಾಮೂಹಿಕ ಅಂಗಸಾಧನೆಯ ಮೂಲಕವೇ ರಾಷ್ಟ್ರಪ್ರಜ್ಞೆಯನ್ನು ಬೆಳೆಸಿತು. ರಾಜಕೀಯ ಸ್ವಾತಂತ್ರ್ಯವಿಲ್ಲದ ಜನಗಳು ಸಾಲಾಗಿ ನಿಂತು ಒಂದೇ ತಾಳಕ್ಕೆ ಕೈಯೆತ್ತುವುದರಲ್ಲಿ ತಮ್ಮ ಐಕ್ಯವನ್ನು ಕಂಡುಕೊಳ್ಳುತ್ತಿದ್ದರು. ಇದರಲ್ಲಿ ತಾನಾಗಿ ದೋಷವೇನೂ ಇಲ್ಲ. ಆದರೆ ಆಜ್ಞೆಯೊಂದಕ್ಕೆ ಸಾವಿರ ದೇಹಗಳು ಏಕಕಾಲದಲ್ಲಿ ಬಾಗುವುದನ್ನು ನಿತ್ಯವೂ ನೋಡಿ ಅಭ್ಯಾಸವಾದ ಶಿಕ್ಷಕನಿಗೆ, ವಾದಪ್ರತಿವಾದಗಳಿಂದ ತಡವರಿಸಿಕೊಂಡು ನಡೆಯುವ ಪ್ರಜಾಪ್ರಭುತ್ವದ ಮೇಲೆ ತಾಳ್ಮೆ ಹುಟ್ಟುವುದು ಕಷ್ಟ.

ಅವನು ಸೆರೆಯಿಂದ ಊರಿಗೆ ಮರಳಿದುದು ೧೯೧೯ರಲ್ಲಿ. ಅಷ್ಟರೊಳಗೆ ಅವನು ಯಾವ ಚಕ್ರವರ್ತಿಗಾಗಿ ಯುದ್ಧಮಾಡಿದ್ದನೋ ಆ ಚಕ್ರಾಧಿಪತ್ಯವೇ ಇಲ್ಲವಾಗಿ, ಅವನ ಊರು ಚೆಕೊಸ್ಲೊವಾಕಿಯಾ ಎಂಬ ಹೊಸ ರಾಜ್ಯದೊಳಗೆ ಸೇರಿಹೋಗಿದ್ದಿತು. ಜರ್ಮನರು ಇದನ್ನು ಬಯಸಿರಲಿಲ್ಲ. ಅವರನ್ನು ಯಾರೂ ಕೇಳಿಯೂ ಇರಲಿಲ್ಲ. ೧೯೧೯ರ ಮಾರ್ಚ್ ೪ರಂದು ಹಲವು ಪಟ್ಟಣಗಳಲ್ಲಿ ಸ್ವನಿರ್ಣಯದ ಹಕ್ಕನ್ನು ಕೇಳಿ ಮೆರವಣಿಗೆ ಹೊರಟ ಜರ್ಮನರ ಮೇಲೆ ಚೆಕ್ ಸೈನಿಕರು ಗುಂಡುಹಾರಿಸಿದರು. ಐವತ್ತಕ್ಕೂ ಹೆಚ್ಚು ಮಂದಿ ಸತ್ತರು. ನಿನ್ನೆಯವರೆಗೆ ಆಳುವ ಭಾಷೆಯವರಾಗಿದ್ದವರು ಇಂದು ಅಲ್ಪಸಂಖ್ಯಾತರಾದರು. ಭೂಸುಧಾರಣೆಯಲ್ಲಿ ಜರ್ಮನ್ ಜಮೀನುದಾರರ ನೆಲ ಚೆಕ್ ರೈತರಿಗೆ ಹೋಯಿತು; ರೈಲ್ವೆ, ಅಂಚೆ, ಸರ್ಕಾರಿ ಕಚೇರಿಗಳಲ್ಲಿ ಜರ್ಮನ್ ನೌಕರರ ಸ್ಥಾನಗಳಿಗೆ ಚೆಕ್ ನೌಕರರು ಬಂದರು. ಈ ದೂರುಗಳನ್ನು ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಆದರೆ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು. ಯಾವ ಜಿಲ್ಲೆಯಲ್ಲಿ ಜರ್ಮನರು ನೂರಕ್ಕೆ ಇಪ್ಪತ್ತರಷ್ಟಿದ್ದರೋ ಅಲ್ಲಿ ಕಚೇರಿ ನ್ಯಾಯಾಲಯಗಳಲ್ಲಿ ತಮ್ಮ ಭಾಷೆಯನ್ನು ಬಳಸುವ ಹಕ್ಕು ೧೯೨೦ರ ಶಾಸನದಿಂದ ಅವರಿಗಿದ್ದಿತು. ಅವರ ಶಾಲೆಗಳಿದ್ದುವು, ಪತ್ರಿಕೆಗಳಿದ್ದುವು, ಪ್ರಾಗ್‌ನಲ್ಲಿ ಅವರದೇ ವಿಶ್ವವಿದ್ಯಾನಿಲಯವಿದ್ದಿತು. ೧೯೨೬ರಲ್ಲಿ ಫ್ರಾಂಟ್ಸ್ ಸ್ಪಿನಾ, ರಾಬರ್ಟ್ ಮಾಯರ್ ಹಾರ್ಟಿಂಗ್ ಎಂಬ ಇಬ್ಬರು ಜರ್ಮನರು ಮಂತ್ರಿಮಂಡಲಕ್ಕೇ ಸೇರಿದರು. ೧೯೨೯ರಲ್ಲಿ ಸಮಾಜವಾದಿ ಪ್ರಜಾಪ್ರಭುತ್ವ ಪಕ್ಷದ ಲುಡ್ವಿಗ್ ಚೆಕ್ ಎಂಬ ಹೆಸರಿನ ಜರ್ಮನನು ಮಂತ್ರಿಯಾದನು. ಆ ಕಾಲದ ಮಧ್ಯಯೂರೋಪಿನಲ್ಲಿ ಅಲ್ಪಸಂಖ್ಯಾತರಿಗೆ ಇದಕ್ಕಿಂತ ಹೆಚ್ಚಿನ ನೆಲೆಯಿದ್ದ ರಾಜ್ಯವನ್ನು ಹುಡುಕುವುದು ಕಷ್ಟ. ಗಾಯವು ನಿಧಾನವಾಗಿಯಾದರೂ ಮಾಯುತ್ತಿದ್ದಿತು.

ಅದನ್ನು ಮತ್ತೆ ಕೆದಕಿದುದು ಹಸಿವು. ಹೆನ್‌ಲೈನ್ ಯುದ್ಧಾನಂತರ ಬ್ಯಾಂಕಿನ ಗುಮಾಸ್ತನಾಗಿ ಕೆಲಸಮಾಡಿದ ಗಾಬ್ಲೊಂಟ್ಸ್ ಪಟ್ಟಣದ ಕಸಬನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಅಲ್ಲಿನ ಜೀವನವೆಲ್ಲ ಗಾಜಿನ ಮಣಿ, ಗುಂಡಿ, ಬಳೆ, ಹುಸಿರತ್ನಗಳ ಮೇಲೆ ನಿಂತಿದ್ದಿತು. ಕುಲುಮೆಯಲ್ಲಿ ಎಳೆದ ಬಣ್ಣಬಣ್ಣದ ಗಾಜಿನ ಕಂಬಿಗಳನ್ನು ಸುತ್ತಣ ಹಳ್ಳಿಗಳ ಮನೆಮನೆಗೆ ಹಂಚುವರು; ಮನೆಯ ಯಜಮಾನನು ದೀಪದ ಉರಿಯ ಮುಂದೆ ಕುಳಿತು ಕಂಬಿಯನ್ನು ಮೆತ್ತಗೆ ಮಾಡಿ ಅಚ್ಚಿನಲ್ಲಿ ಒತ್ತುವನು; ಹೆಂಗಸರೂ ಮಕ್ಕಳೂ ಮಣಿಗಳನ್ನು ದಾರಕ್ಕೆ ಪೋಣಿಸಿ ಡಜನ್ನುಗಳ ಲೆಕ್ಕದಲ್ಲಿ ಕಟ್ಟು ಕಟ್ಟುವರು; ಪಟ್ಟಣದ ರಫ್ತು ವರ್ತಕನು ಅದನ್ನು ಕೊಂಡು ಸಮುದ್ರದಾಚೆಗೆ ಕಳುಹಿಸುವನು. ಆ ಸಮುದ್ರದಾಚೆಯ ಗಿರಾಕಿಗಳಲ್ಲಿ ನಮ್ಮ ದೇಶವೂ ಒಂದು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಬೊಂಬಾಯಿ ಕಲ್ಕತ್ತಗಳ ಬಂದರುಗಳಲ್ಲಿ ಇಳಿದು, ಜಾತ್ರೆಯ ಅಂಗಡಿಗಳಲ್ಲಿ ಹರಡಿಕೊಂಡು, ನಮ್ಮ ಹೆಣ್ಣುಮಕ್ಕಳ ಕೈಗಳಲ್ಲಿ ಮಿನುಗಿದ ವಿದೇಶೀ ಗಾಜಿನ ಬಳೆಗಳಲ್ಲಿ ಬಹುಪಾಲು ಈ ಬೊಹೀಮಿಯದ ಬೆಟ್ಟಗಳಿಂದ ಬಂದುವು. ಸ್ವದೇಶೀ ಚಳವಳಿಯು ಪರದೇಶದ ಬಳೆಯನ್ನು ಬಹಿಷ್ಕರಿಸಿದಾಗ ಅದರ ಪೆಟ್ಟು ಆ ದೂರದ ಹಳ್ಳಿಗಳ ಒಲೆಗೂ ತಟ್ಟಿತು. ಜವಳಿ, ಪಿಂಗಾಣಿ, ವಾದ್ಯಗಳ ತಯಾರಿಕೆ ಮೊದಲಾಗಿ ಆ ಗಡಿನಾಡಿನ ಉದ್ಯಮಗಳೆಲ್ಲವೂ ಹೀಗೆಯೇ ಪರದೇಶದ ಪೇಟೆಯನ್ನು ನಂಬಿದ್ದುವು. ೧೯೨೯ರ ಬಳಿಕ ಜಗತ್ತಿನ ಪೇಟೆಗಳೆಲ್ಲ ಒಂದೊಂದಾಗಿ ಬಾಗಿಲುಹಾಕಲು, ಮಗ್ಗಗಳು ನಿಂತುವು, ಕುಲುಮೆಗಳು ಆರಿದುವು. ೧೯೩೩ರ ಆದಿಯಲ್ಲಿ ಗಣರಾಜ್ಯದಲ್ಲಿ ಒಂಬತ್ತು ಲಕ್ಷಕ್ಕೆ ಮೇಲ್ಪಟ್ಟು ನಿರುದ್ಯೋಗಿಗಳಿದ್ದರು. ಅವರಲ್ಲಿ ಜರ್ಮನರ ಪ್ರಮಾಣವು ಅವರ ಜನಸಂಖ್ಯೆಗೆ ಮೀರಿದ್ದಿತು. ಗಡಿಯಾಚೆ ಹಿಟ್ಲರನ ಜರ್ಮನಿಯಲ್ಲಿ ಎಲ್ಲರಿಗೂ ಕೆಲಸ ಸಿಕ್ಕುತ್ತಿದೆಯೆಂಬ ಸುದ್ದಿ ರೇಡಿಯೋದಲ್ಲಿ ಬರುತ್ತಿದ್ದಿತು. ಬರಿಯ ಹೊಟ್ಟೆಯಲ್ಲಿ ಕುಳಿತ ಮಣಿಗಾರನು ತನ್ನ ಕಷ್ಟಕ್ಕೆ ಜಗತ್ತಿನ ವಾಣಿಜ್ಯಚಕ್ರವೇ ಕಾರಣವೆಂದು ತಿಳಿಯುವುದಕ್ಕಿಂತ ಪ್ರಾಗ್‌ನ ಚೆಕ್ ಸರ್ಕಾರವೇ ಕಾರಣವೆಂದು ತಿಳಿಯುವುದು ಸುಲಭವಾಗಿದ್ದಿತು.

ಈ ನಡುವೆ ಹೆನ್‌ಲೈನ್ ಬ್ಯಾಂಕನ್ನು ಬಿಟ್ಟು, ೧೯೨೫ರಲ್ಲಿ, ದೇಶದ ಪಶ್ಚಿಮದ ತುದಿಯಲ್ಲಿ ಮೂರು ಕಡೆಗೂ ಜರ್ಮನಿಯಿಂದ ಆವೃತವಾದ ಆಶ್ ಎಂಬ ಪಟ್ಟಣದಲ್ಲಿ ವ್ಯಾಯಾಮಶಿಕ್ಷಕನಾದನು. ೧೯೩೧ರಲ್ಲಿ ಜರ್ಮನ್ ವ್ಯಾಯಾಮಸಂಘಗಳ ಒಕ್ಕೂಟದ ನಾಯಕನೂ ಆದನು. ಅವನನ್ನು ಕಂಡವರ ವರ್ಣನೆಗಳು ಬಹುಮಟ್ಟಿಗೆ ಒಂದೇ ಬಗೆಯವು: ಕನ್ನಡಕ ಧರಿಸಿದ, ಮೃದುವಾಗಿ ಮಾತನಾಡುವ, ಶಿಸ್ತಿನ, ಸಭ್ಯನಾದ ಮಧ್ಯಮವರ್ಗದ ಗೃಹಸ್ಥ. ಅವನು ವಾಗ್ಮಿಯಲ್ಲ, ಪಂಡಿತನಲ್ಲ, ಒಳಸಂಚುಗಳಲ್ಲಿ ನುರಿತವನೂ ಅಲ್ಲ. ೧೯೩೩ರ ಬೇಸಗೆಯಲ್ಲಿ ಸಾಟ್ಸ್ ಪಟ್ಟಣದಲ್ಲಿ ನಡೆದ ವ್ಯಾಯಾಮೋತ್ಸವದಲ್ಲಿ, ಸಹಸ್ರಾರು ತರುಣರು ಸಮವಸ್ತ್ರದಲ್ಲಿ ಅವನ ಮುಂದೆ ಹಾದುಹೋದಾಗ, ಒಡೆದು ಚೂರಾಗಿದ್ದ ಜರ್ಮನ್ ಪಕ್ಷಗಳನ್ನು ಕಂಡು ಬೇಸತ್ತಿದ್ದ ಜನರಿಗೆ ಇವನೇ ತಮ್ಮೆಲ್ಲರನ್ನೂ ಒಂದುಗೂಡಿಸಬಲ್ಲವನೆಂದು ತೋರಿತು. ಅದೇ ವರ್ಷದ ಅಕ್ಟೋಬರ್ ಆರಂಭದಲ್ಲಿ, ಸರ್ಕಾರವು ಅಲ್ಲಿನ ಜರ್ಮನ್ ನಾತ್ಸಿ ಪಕ್ಷವನ್ನು ನಿಷೇಧಿಸಲು ಹೊರಟಿದ್ದ ದಿನಗಳಲ್ಲಿಯೇ, ಹೆನ್‌ಲೈನ್ ಏಗರ್ ಪಟ್ಟಣದಿಂದ ಒಂದು ಕರೆ ಹೊರಡಿಸಿ ‘ಸುಡೇಟನ್ ಜರ್ಮನ್ ಮಾತೃಭೂಮಿ ರಂಗ’ವನ್ನು ಸ್ಥಾಪಿಸಿದನು. ೧೯೩೪ರ ಅಕ್ಟೋಬರಿನಲ್ಲಿ ಬೊಹೀಮಿಯದ ಲೈಪಾ ಪಟ್ಟಣದ ಮಹಾಸಭೆಯಲ್ಲಿ ತಾನು ಗಣರಾಜ್ಯಕ್ಕೆ ನಿಷ್ಠನೆಂದೂ, ತನ್ನ ರಂಗವು ನಾತ್ಸಿವಾದದಿಂದ ಭಿನ್ನವೆಂದೂ ಸಾರಿದನು. ಮರುವರ್ಷ ‘ಸುಡೇಟನ್ ಜರ್ಮನ್ ಪಕ್ಷ’ವೆಂದು ಹೆಸರು ಬದಲಿಸಿಕೊಂಡ ಈ ಸಂಸ್ಥೆಯು ೧೯೩೫ರ ಮೇ ೧೯ರ ಚುನಾವಣೆಯಲ್ಲಿ ಹನ್ನೆರಡೂವರೆ ಲಕ್ಷದಷ್ಟು ಮತಗಳನ್ನು ಗಳಿಸಿ, ಮತಸಂಖ್ಯೆಯಲ್ಲಿ ಇಡಿಯ ಗಣರಾಜ್ಯದ ಪಕ್ಷಗಳಲ್ಲಿಯೇ ಮೊದಲನೆಯದಾಗಿ, ೪೪ ಸ್ಥಾನಗಳನ್ನು ಪಡೆಯಿತು. ಜರ್ಮನ್ ಮತದಾರರಲ್ಲಿ ಮೂವರಲ್ಲಿ ಇಬ್ಬರು ಅವನ ಕಡೆಗಿದ್ದರು. ಹೆನ್‌ಲೈನ್ ತಾನು ಮಾತ್ರ ಚುನಾವಣೆಗೆ ನಿಲ್ಲಲಿಲ್ಲ. ನಾಯಕನು ಪಾರ್ಲಿಮೆಂಟಿನ ಪೀಠಗಳಿಗಿಂತ ಮೇಲೆ ಇರಬೇಕೆಂಬುದು ಅವನ ಭಾವನೆಯಾಗಿದ್ದಿತು.

ಅವನು ಮೊದಲಿನಿಂದಲೂ ವೇಷ ಮರೆಸಿದ ನಾತ್ಸಿಯೋ, ಅಥವಾ ಸ್ವಯಮಾಡಳಿತವನ್ನು ಪ್ರಾಮಾಣಿಕವಾಗಿ ಬಯಸಿ ಕಾಲಕ್ರಮದಲ್ಲಿ ಹಿಟ್ಲರನ ಕಡೆಗೆ ಸರಿದವನೋ ಎಂಬ ಪ್ರಶ್ನೆಯನ್ನು ಕುರಿತು ಇತಿಹಾಸಕಾರರಲ್ಲಿ ದೀರ್ಘವಾದ ವಾದವಿದೆ. ೧೯೪೧ರ ಮಾರ್ಚ್‌ನಲ್ಲಿ ವಿಯೆನ್ನಾದಲ್ಲಿ ಮಾಡಿದ ಭಾಷಣದಲ್ಲಿ ಅವನೇ, ತಮ್ಮ ಪಕ್ಷವು ಉಳಿಯಬೇಕಾದರೆ ನಾತ್ಸಿವಾದದ ನಿಷ್ಠೆಯನ್ನು ಹೊರಗೆ ಅಲ್ಲಗಳೆಯಬೇಕಾಗಿದ್ದಿತೆಂದು ಹೇಳಿಕೊಂಡನು. ಆದರೆ ಆ ಮಾತನ್ನಾಡಿದುದು ಅವನ ನಿಷ್ಠೆಯ ವಿಷಯದಲ್ಲಿ ಬರ್ಲಿನ್ನಿನವರು ಸಂಶಯಪಡುತ್ತಿದ್ದ ಕಾಲದಲ್ಲಿ. ಸಂಶಯಕ್ಕೊಳಗಾದವನು ತನ್ನ ಹಿಂದಿನದನ್ನು ಮುಂದಿನ ಯಜಮಾನನಿಗೆ ಹಿತವಾಗುವಂತೆ ಹೇಳಿಕೊಳ್ಳುವುದು ಸ್ವಾಭಾವಿಕವಾದುದರಿಂದ ಅದನ್ನು ಪೂರ್ಣ ಪ್ರಮಾಣವೆಂದು ಸ್ವೀಕರಿಸಲಾಗದು. ಅವನ ಆಪ್ತವಲಯದ ಅನೇಕರು ವಿಯೆನ್ನಾದ ದಾರ್ಶನಿಕ ಓಟ್ಮಾರ್ ಸ್ಪಾನನ ಶಿಷ್ಯರಾಗಿದ್ದರು. ಅವರಿಗೆ ಬೇಕಾಗಿದ್ದುದು ಶ್ರೇಣೀಬದ್ಧವಾದ, ಅಧಿಕಾರನಿಷ್ಠವಾದ ಸಮಾಜ, ಬರ್ಲಿನ್ನಿನ ಆಳಿಕೆಯಲ್ಲ. ನನ್ನ ಅಭಿಪ್ರಾಯದಲ್ಲಿ ಈ ವಾದದ ಇತ್ಯರ್ಥಕ್ಕಾಗಿ ಹೆನ್‌ಲೈನನ ಅಂತರಂಗವನ್ನು ಹೊಕ್ಕು ನೋಡುವ ಅವಶ್ಯಕತೆಯೇ ಇಲ್ಲ. ೧೯೩೫ರ ಚುನಾವಣೆಗೇ ಅವನ ಪಕ್ಷಕ್ಕೆ ಬರ್ಲಿನ್ನಿನಿಂದ ಹಣ ಬಂದಿತ್ತು. ಪರರಾಜ್ಯದ ಹಣದಿಂದ ಮನೆ ನಡೆಸುವವನ ಅಂತರಂಗವು ಏನಾದರೂ ಆಗಿರಲಿ, ಬಹಿರಂಗವು ಹಣ ಕೊಟ್ಟವನದಾಗುತ್ತದೆ.

ಆ ಪರಾಧೀನತೆಯು ಸಂಪೂರ್ಣವಾದುದು ೧೯೩೭ರ ಶರತ್ಕಾಲದಲ್ಲಿ. ಆ ಅಕ್ಟೋಬರಿನಲ್ಲಿ ಅವನ ಪರಮಾಪ್ತನೂ ಪಕ್ಷದ ವಿದೇಶ ವ್ಯವಹಾರಗಳ ಸೂತ್ರಧಾರನೂ ಆಗಿದ್ದ ಹೈಂಟ್ಸ್ ರೂಟಾ, ಸಲಿಂಗಪ್ರೇಮವನ್ನು ಅಪರಾಧವೆಂದು ಎಣಿಸುತ್ತಿದ್ದ ಅಂದಿನ ಕಾನೂನಿನ ಅಡಿಯಲ್ಲಿ ಬಂಧಿತನಾದನು. ನವೆಂಬರ್ ಮೊದಲ ವಾರದಲ್ಲಿ ಸೆರೆಮನೆಯಲ್ಲಿಯೇ ಪ್ರಾಣತ್ಯಾಗಮಾಡಿದನು. ಪಕ್ಷದೊಳಗಿನ ಉಗ್ರ ನಾತ್ಸಿಗಳು ಇದನ್ನು ಹೆನ್‌ಲೈನನ ಬಳಗವನ್ನೇ ಹೊಡೆಯುವ ದೊಣ್ಣೆಯಾಗಿ ಬಳಸಿಕೊಂಡರು. ಮಿತ್ರನು ಸತ್ತ ಎರಡು ವಾರಗಳಲ್ಲಿ, ನವೆಂಬರ್ ೧೯ರಂದು, ಹೆನ್‌ಲೈನ್ ಹಿಟ್ಲರನಿಗೆ ಒಂದು ಗುಪ್ತಪತ್ರವನ್ನು ಬರೆದು, ಚೆಕ್ಕರೊಡನೆ ಒಪ್ಪಂದವು ಅಸಾಧ್ಯವೆಂದೂ, ಸುಡೇಟನ್ ಸೀಮೆ ಮಾತ್ರವಲ್ಲದೆ ಬೊಹೀಮಿಯಾ ಮೊರೇವಿಯಾ ಸೈಲೀಷಿಯಾ ಪ್ರದೇಶವೆಲ್ಲವೂ ಜರ್ಮನ್ ರಾಜ್ಯದಲ್ಲಿ ಸೇರಬೇಕೆಂಬುದೇ ತನ್ನ ಪಕ್ಷದ ಹಂಬಲವೆಂದೂ ತಿಳಿಸಿದನು. ಹೊರಗೆ ಸಭೆಗಳಲ್ಲಿ ಸ್ವಯಮಾಡಳಿತದ ಮಾತು. ಮುಚ್ಚಿದ ಲಕೋಟೆಯಲ್ಲಿ ಇಡಿಯ ರಾಜ್ಯದ ವಿನಾಶ.

೧೯೩೮ರ ಮಾರ್ಚ್‌ನಲ್ಲಿ ಆಸ್ಟ್ರಿಯಾ ಹಿಟ್ಲರನ ವಶವಾಯಿತು. ಆ ತಿಂಗಳ ೨೮ರಂದು ಬರ್ಲಿನ್ನಿನಲ್ಲಿ ಹಿಟ್ಲರನೊಡನೆ ಹೆನ್‌ಲೈನನ ಭೇಟಿ ನಡೆಯಿತು; ಚೆಕ್ ಸರ್ಕಾರವು ಎಂದಿಗೂ ಒಪ್ಪಲಾಗದಂತಹ ಬೇಡಿಕೆಗಳನ್ನೇ ಮುಂದಿಡಬೇಕೆಂಬ ಆದೇಶವನ್ನು ಪಡೆದು ಅವನು ಹಿಂದಿರುಗಿದನು. ಎಷ್ಟು ಕೊಟ್ಟರೂ ತೃಪ್ತಿಯಾಗದಷ್ಟನ್ನು ಯಾವಾಗಲೂ ಕೇಳುತ್ತಿರಬೇಕು ಎಂದು ಆ ಆದೇಶದ ಸಾರವನ್ನು ಅವನೇ ಸಂಗ್ರಹಿಸಿ ಹೇಳಿದನೆಂಬುದು ಜರ್ಮನ್ ವಿದೇಶಾಂಗ ಕಚೇರಿಯ ದಾಖಲೆಯಲ್ಲಿದೆ. ಹೆನ್‌ಲೈನನ ಬಾಳಿನಲ್ಲಿ ನಿರ್ಣಾಯಕವಾದ ಮಾತು ಇದು. ಬೇಡಿಕೆಯೆಂಬುದು ಈಡೇರುವುದಕ್ಕಾಗಿ ಇರುವುದು. ನೊಂದವನು ಕೇಳುವುದು ನೋವು ನೀಗಲೆಂದು. ತನ್ನ ಜನರ ನೋವು ನೀಗದಂತೆ ನೋಡಿಕೊಳ್ಳುವುದೇ ಇನ್ನು ಮುಂದೆ ಅವರ ನಾಯಕನ ಉದ್ಯೋಗವಾಯಿತು. ಹಿಟ್ಲರನಿಗೆ ಸುಡೇಟನ್ ಜರ್ಮನರ ಸುಖದಿಂದ ಏನೂ ಪ್ರಯೋಜನವಿರಲಿಲ್ಲ, ಅವರ ದುಃಖದಿಂದ ಬಹಳ ಪ್ರಯೋಜನವಿದ್ದಿತು. ಅದನ್ನು ಅವನಿಗೆ ಒದಗಿಸುವ ಕಾರ್ಯವನ್ನು ಆ ವ್ಯಾಯಾಮಶಿಕ್ಷಕನು ಅತ್ಯಂತ ಶಿಸ್ತಿನಿಂದ ನೆರವೇರಿಸಿದನು.

ಏಪ್ರಿಲ್ ೨೪ರಂದು ಕಾರ್ಲ್ಸ್‌ಬಾಡ್‌ನಲ್ಲಿ ಎಂಟು ಬೇಡಿಕೆಗಳ ಪಟ್ಟಿಯನ್ನು ಅವನು ಘೋಷಿಸಿದನು: ಜರ್ಮನರಿಗೆ ಪೂರ್ಣ ಸಮಾನತೆ, ಅವರದೇ ಪ್ರದೇಶದ ಸ್ವಯಮಾಡಳಿತ, ೧೯೧೮ರಿಂದ ಆದ ಅನ್ಯಾಯಗಳಿಗೆ ಪರಿಹಾರ, ಜೊತೆಗೆ ಜರ್ಮನ್ ಲೋಕದೃಷ್ಟಿಯನ್ನು ಅನುಸರಿಸುವ ಸ್ವಾತಂತ್ರ್ಯ, ಎಂದರೆ ಗಣರಾಜ್ಯದೊಳಗೆಯೇ ನಾತ್ಸಿಗಳಾಗಿರುವ ಸ್ವಾತಂತ್ರ್ಯ. ಮೇ ತಿಂಗಳಲ್ಲಿ ಲಂಡನ್ನಿಗೆ ಹೋಗಿ ಚರ್ಚಿಲ್, ವಾನ್ಸಿಟಾರ್ಟ್ ಮೊದಲಾದ ಆಂಗ್ಲ ಪ್ರಮುಖರನ್ನು ಕಂಡು, ತಾನು ಬರ್ಲಿನ್ನಿನ ಆಜ್ಞೆಯಂತೆ ನಡೆಯುವವನಲ್ಲವೆಂದು ಹೇಳಿದನು. ಹಾಗೆ ಹೇಳಬೇಕೆಂಬ ಏರ್ಪಾಡೂ ಬರ್ಲಿನ್ನಿನಲ್ಲಿಯೇ ಆಗಿದ್ದಿತು. ಆಂಗ್ಲ ರಾಜತಂತ್ರಜ್ಞರು ಅವನನ್ನು ಮಿತವಾದಿಯೆಂದೂ ನಂಬಬಹುದಾದವನೆಂದೂ ಭಾವಿಸಿದರು. ಕೂಗಾಡುವ ನಾಯಕನನ್ನು ಅವರು ಶಂಕಿಸುತ್ತಿದ್ದರೇನೋ. ಕನ್ನಡಕದ ಈ ಮಿತಭಾಷಿಯನ್ನು ಶಂಕಿಸುವುದು ಅವರಿಂದಾಗಲಿಲ್ಲ. ಆಗಸ್ಟ್‌ನಲ್ಲಿ ಲಾರ್ಡ್ ರನ್ಸಿಮನ್ ಲಂಡನ್ನಿನಿಂದ ಸಂಧಾನಕ್ಕಾಗಿ ಪ್ರಾಗ್‌ಗೆ ಬಂದನು. ನಮ್ಮ ಜವಾಹರಲಾಲ ನೆಹರೂ ಅವರೂ ಆ ಬೇಸಗೆಯಲ್ಲಿ ಪ್ರಾಗ್‌ಗೆ ಹೋಗಿದ್ದು, ಮಿತ್ರರೆನಿಸಿಕೊಂಡವರೇ ಒಂದು ಸಣ್ಣ ರಾಷ್ಟ್ರವನ್ನು ಕೈಬಿಡುತ್ತಿದ್ದ ಬಗೆಯನ್ನು ಕಣ್ಣಾರೆ ಕಂಡು ಬಹಳವಾಗಿ ನೊಂದರು.

ಸೆಪ್ಟೆಂಬರ್ ಮೊದಲ ವಾರದಲ್ಲಿ ಪ್ರಾಗ್‌ನ ಅರಮನೆಯಲ್ಲಿ ನಡೆದ ಒಂದು ಪ್ರಸಂಗವನ್ನು ಇತಿಹಾಸಗ್ರಂಥಗಳು ಹೀಗೆ ಹೇಳುತ್ತವೆ. ಅಧ್ಯಕ್ಷ ಬೆನೆಶ್ ಹೆನ್‌ಲೈನನ ಪಕ್ಷದ ಪ್ರತಿನಿಧಿಗಳನ್ನು ಕರೆಸಿ, ಬರಿಯ ಕಾಗದವೊಂದನ್ನು ಅವರ ಮುಂದಿಟ್ಟು, ನಿಮಗೆ ಬೇಕಾದುದನ್ನೆಲ್ಲ ಇದರ ಮೇಲೆ ಬರೆಯಿರಿ, ಒಪ್ಪಿಕೊಳ್ಳುತ್ತೇನೆ ಎಂದನು. ಬಂದವರು ತಬ್ಬಿಬ್ಬಾಗಿ ಸುಮ್ಮನೆ ಕುಳಿತರು. ಹಾಗಾದರೆ ನೀವು ಹೇಳಿರಿ, ನಾನೇ ಬರೆದುಕೊಳ್ಳುತ್ತೇನೆಂದು ಬೆನೆಶ್ ತನ್ನ ಲೇಖನಿಯನ್ನು ತೆಗೆದನು. ‘ನಾಲ್ಕನೆಯ ಯೋಜನೆ’ಯೆಂದು ಹೆಸರಾದ ಆ ಪ್ರಸ್ತಾಪದಲ್ಲಿ ಕಾರ್ಲ್ಸ್‌ಬಾಡ್ ಬೇಡಿಕೆಗಳು ಹೆಚ್ಚುಕಡಿಮೆ ಎಲ್ಲವೂ ಅಂಗೀಕೃತವಾಗಿದ್ದುವು. ಇಪ್ಪತ್ತು ವರ್ಷಗಳಿಂದ ಕೇಳಿದುದು ಕೈಗೆ ಬಂದಾಗ ಹಿಗ್ಗಬೇಕಾಗಿದ್ದ ನಾಯಕರು ದಿಗ್ಭ್ರಾಂತರಾದರು. ದೇವರೇ, ಎಲ್ಲವನ್ನೂ ಕೊಟ್ಟುಬಿಟ್ಟರಲ್ಲ ಎಂದು ಹೆನ್‌ಲೈನನ ಸಹಾಯಕ ಕಾರ್ಲ್ ಹೆರ್ಮಾನ್ ಫ್ರಾಂಕ್ ಉದ್ಗರಿಸಿದನೆಂದು ಹೇಳುತ್ತಾರೆ. ಮಾತುಕತೆಯನ್ನು ಮುರಿಯಲು ಒಂದು ನೆವ ಬೇಕಾಗಿದ್ದಿತು. ಸೆಪ್ಟೆಂಬರ್ ೭ರಂದು ಮೊರೇವಿಯದ ಒಸ್ಟ್ರಾವಾ ಪಟ್ಟಣದ ಗದ್ದಲದಲ್ಲಿ ಚೆಕ್ ಪೊಲೀಸನೊಬ್ಬನು ತಮ್ಮ ಪಾರ್ಲಿಮೆಂಟ್ ಸದಸ್ಯನನ್ನು ಚಾವಟಿಯಿಂದ ಹೊಡೆದನೆಂಬ ಆಪಾದನೆಯೇ ಆ ನೆವವಾಯಿತು. ಸುಡೇಟನ್ ಜರ್ಮನರು ತಮ್ಮ ತಾತಂದಿರ ನೆಲದಲ್ಲಿ ಗೌರವದಿಂದ ಬಾಳಬಹುದಾಗಿದ್ದ ಕೊನೆಯ ಅವಕಾಶವು ಅಂದು, ಅವರ ಹೆಸರಿನಲ್ಲಿಯೇ, ಅವರ ಪ್ರತಿನಿಧಿಗಳಿಂದಲೇ ತಿರಸ್ಕೃತವಾಯಿತು. ಬೊಹೀಮಿಯದ ಏಳುನೂರು ವರ್ಷಗಳ ಸಹವಾಸದ ಕಥೆಯಲ್ಲಿ ಇದಕ್ಕಿಂತ ದುಃಖಕರವಾದ ದಿನವು ನನಗೆ ಬೇರೊಂದು ಕಾಣದು.

ಮುಂದಿನದು ವೇಗವಾಗಿ ನಡೆಯಿತು. ಸೆಪ್ಟೆಂಬರ್ ೧೨ರ ರಾತ್ರಿ ನ್ಯೂರಂಬರ್ಗ್‌ನಲ್ಲಿ ಹಿಟ್ಲರನ ಭಾಷಣ. ಗಡಿನಾಡಿನ ಪಟ್ಟಣಗಳಲ್ಲಿ ದಂಗೆ. ಸರ್ಕಾರದಿಂದ ಸೈನಿಕ ಶಾಸನ. ಎರಡು ಮೂರು ದಿನಗಳಲ್ಲಿ ದಂಗೆಯ ದಮನ. ಹೆನ್‌ಲೈನ್ ಗಡಿದಾಟಿ ಜರ್ಮನಿಗೆ ಓಡಿ, ಸೆಪ್ಟೆಂಬರ್ ೧೫ರಂದು ಅಲ್ಲಿಂದ ರೇಡಿಯೋ ಮೂಲಕ, ನಾವು ಜರ್ಮನ್ ರಾಜ್ಯಕ್ಕೆ ಮರಳಬೇಕೆಂದು ಸಾರಿದನು. ಇಂಗ್ಲೆಂಡಿನ ಪ್ರಧಾನಮಂತ್ರಿ ಚೇಂಬರ್ಲೇನ್ ವಿಮಾನವೇರಿ ಹಿಟ್ಲರನನ್ನು ಕಾಣಲು ಮೊದಲ ಸಲ ಹೊರಟುದೂ ಅದೇ ದಿನ. ಹೆನ್‌ಲೈನನ ಹೆಸರಿನಲ್ಲಿ ಸಂಘಟಿತವಾದ ಸ್ವಯಂಸೇವಕ ದಳವು ಬೈರಾಯ್ಟ್ ಸಮೀಪದಿಂದ ಗಡಿಯ ಠಾಣೆಗಳ ಮೇಲೆ ದಾಳಿಗಳನ್ನು ನಡೆಸಿತು. ತಿಂಗಳ ಕೊನೆಗೆ ಮ್ಯೂನಿಕ್‌ನಲ್ಲಿ ನಾಲ್ಕು ರಾಷ್ಟ್ರಗಳ ಮುಖ್ಯಸ್ಥರು ಸೇರಿ, ಚೆಕ್ ಪ್ರತಿನಿಧಿಗಳನ್ನು ಒಳಗೆ ಕರೆಯದೆಯೇ ಅವರ ರಾಜ್ಯದ ಅಂಚನ್ನು ಕತ್ತರಿಸಿ ಕೊಟ್ಟರು. ಅಕ್ಟೋಬರ್ ಮೊದಲ ಹತ್ತು ದಿನಗಳಲ್ಲಿ ಜರ್ಮನ್ ಸೈನ್ಯವು ಬೆಟ್ಟಗಳನ್ನೂ, ಅಲ್ಲಿ ಚೆಕ್ಕರು ಕಷ್ಟಪಟ್ಟು ಕಟ್ಟಿದ್ದ ಕೋಟೆಕೊತ್ತಲಗಳನ್ನೂ ಗುಂಡುಹಾರಿಸದೆ ವಶಪಡಿಸಿಕೊಂಡಿತು. ಬೀದಿಗಳಲ್ಲಿ ಹೂವೆರಚಿ ಹರ್ಷಾಶ್ರು ಸುರಿಸಿದವರು ಲಕ್ಷಾಂತರ ಮಂದಿ. ಅವರ ಸಂತೋಷವು ನಟನೆಯಾಗಿರಲಿಲ್ಲ.

ಆ ಹೂವುಗಳು ಬಾಡುವ ಮೊದಲೇ ಹೊಸ ಆಳಿಕೆಯ ಸ್ವರೂಪವು ಪ್ರಕಟವಾಯಿತು. ಮೊದಲು ಸೆರೆಗೆ ಬಿದ್ದವರು ಚೆಕ್ಕರಲ್ಲ, ಹೆನ್‌ಲೈನನಿಗೆ ಮತಕೊಡದಿದ್ದ ಜರ್ಮನರು. ಸಮಾಜವಾದಿ ಕಾರ್ಮಿಕನಾಯಕರೂ ಕಮ್ಯೂನಿಸ್ಟರೂ ಸಾವಿರಾರು ಸಂಖ್ಯೆಯಲ್ಲಿ ಬಂಧಿತರಾಗಿ ಡಾಖೌ ಬಂದೀಶಿಬಿರಕ್ಕೆ ಸಾಗಿಸಲ್ಪಟ್ಟರು. ನೆರೆಹೊರೆಯವರೇ ಅವರ ಮನೆಗಳನ್ನು ತೋರಿಸಿಕೊಟ್ಟರು. ನವೆಂಬರ್ ೯-೧೦ರ ರಾತ್ರಿಯ ಯೆಹೂದಿ ಹತ್ಯಾಕಾಂಡದ ವೇಳೆ ಹೆನ್‌ಲೈನನ ರಾಜಧಾನಿಯಾದ ರೈಖೆನ್‌ಬರ್ಗ್‌ನ ಯೆಹೂದಿ ಮಂದಿರವೂ ಬೆಂಕಿಗೆ ಆಹುತಿಯಾಯಿತು. ಆ ಸೀಮೆಯ ಯೆಹೂದಿಗಳಲ್ಲಿ ಹೆಚ್ಚಿನವರು ಮನೆ ಅಂಗಡಿಗಳನ್ನು ತೊರೆದು ಒಳನಾಡಿಗೆ ಓಡಿದರು, ಅವರು ಬಿಟ್ಟುಹೋದುದು ‘ಆರ್ಯ’ರ ಪಾಲಾಯಿತು. ಲಕ್ಷಕ್ಕೂ ಮೀರಿದ ಚೆಕ್ಕರೂ ಗಂಟುಮೂಟೆ ಕಟ್ಟಿದರು. ಹೆನ್‌ಲೈನ್ ಸೀಮೆಯ ಪಕ್ಷಾಧಿಪತಿಯಾದ ‘ಗೌಲೈಟರ್’ ಆಗಿ, ೧೯೩೯ರ ಮೇ ತಿಂಗಳಿಂದ ರಾಜ್ಯಪಾಲನೂ ಆಗಿ, ಎಸ್.ಎಸ್. ದಳದ ಉನ್ನತ ಪದವಿಯನ್ನೂ ಧರಿಸಿ, ಈ ಎಲ್ಲಕ್ಕೂ ಮೇಲೆ ಕುಳಿತಿದ್ದನು. ಇಂತಹ ಕಾರ್ಯಗಳ ಆಜ್ಞೆಯೆಲ್ಲವೂ ಅವನ ಬಾಯಿಂದಲೇ ಹೊರಟಿತೆಂದು ಹೇಳಲಾಗದಿದ್ದರೂ, ಅವನ ರುಜುವಿನ ಕೆಳಗೆ ನಡೆದ ಆಡಳಿತದ ಹೊಣೆ ಅವನದೇ.

ಅಧಿಕಾರದ ಪೀಠ ಸಿಕ್ಕಿತು, ಅಧಿಕಾರ ಸಿಕ್ಕಲಿಲ್ಲ. ಅವನು ಹೋರಾಡಿದ ಸ್ವಯಮಾಡಳಿತವು ಚೆಕ್ ಗಣರಾಜ್ಯದಲ್ಲಿ ಅರ್ಧದಷ್ಟಾದರೂ ಇದ್ದಿತು, ಹಿಟ್ಲರನ ರಾಜ್ಯದಲ್ಲಿ ಲೇಶವೂ ಇರಲಿಲ್ಲ. ಮೇಲಿನ ಹುದ್ದೆಗಳಿಗೆ ಜರ್ಮನಿಯಿಂದ ಬಂದ ಅಧಿಕಾರಿಗಳು ಸುಡೇಟನ್ ಜನರನ್ನು ಹಿಂದುಳಿದವರೆಂದು ಕೀಳಾಗಿ ಕಂಡರು. ಸ್ಪಾನನ ಶಿಷ್ಯವರ್ಗವನ್ನು ಕಂಡರಾಗದ, ನಾತ್ಸಿ ಗುಪ್ತಪೊಲೀಸಿನ ಮುಖ್ಯಸ್ಥ ಹೈಡ್ರಿಖ್, ಹೆನ್‌ಲೈನನ ಹಳೆಯ ಒಡನಾಡಿಗಳನ್ನು ಒಬ್ಬೊಬ್ಬರನ್ನಾಗಿ ಬೇಟೆಯಾಡಿದನು; ಪಕ್ಷಕಟ್ಟಿದವರಲ್ಲಿ ಒಬ್ಬನಾದ ವಾಲ್ಟರ್ ಬ್ರಾಂಟ್ ಬಂದೀಶಿಬಿರಕ್ಕೆ ಹೋದನು. ಹೆನ್‌ಲೈನ್ ತನ್ನ ಸ್ನೇಹಿತರಿಂದ ದೂರ ಸರಿದು ತನ್ನ ಪೀಠವನ್ನು ಉಳಿಸಿಕೊಂಡನು. ೧೯೪೦ರಲ್ಲಿ ಅವನ ಉಪನಾಯಕನ ಸ್ಥಾನಕ್ಕೆ ಬರ್ಲಿನ್ನಿನವರು ಡಾನೆವೆರ್ಟ್ ಎಂಬ ಹೊರಗಿನವನನ್ನು ತಂದು ಕೂರಿಸಿದರು. ಹಿಂದೆ ಅವನ ಕೈಕೆಳಗಿದ್ದ ಫ್ರಾಂಕ್, ಅಷ್ಟರಲ್ಲಿ ಜರ್ಮನರ ವಶವಾಗಿದ್ದ ಪ್ರಾಗ್‌ನಲ್ಲಿ ಚೆಕ್ ಜನರನ್ನು ಆಳುವ ಕಾರ್ಯದರ್ಶಿಯಾಗಿ ಅವನಿಗಿಂತಲೂ ಪ್ರಬಲನೂ ಕ್ರೂರನೂ ಆದನು. ೧೯೩೫ರಲ್ಲಿ ಹೆನ್‌ಲೈನನ ಪಕ್ಷಕ್ಕೆ ಸೇರಿದ್ದ ಸಾಮಾನ್ಯರಲ್ಲಿ ಒಬ್ಬನಾದ ಆಸ್ಕರ್ ಶಿಂಡ್ಲರ್ ಎಂಬ ವ್ಯಾಪಾರಿಯು, ಯುದ್ಧದ ಕೊನೆಯ ವರ್ಷಗಳಲ್ಲಿ ತನ್ನ ಪ್ರಾಣವನ್ನು ಪಣಕ್ಕಿಟ್ಟು ಸಾವಿರಕ್ಕೂ ಹೆಚ್ಚು ಯೆಹೂದಿಗಳನ್ನು ಉಳಿಸಿದನೆಂಬುದನ್ನು ಇಲ್ಲಿ ಹೇಳಬೇಕು. ಅದೇ ನೆಲದಿಂದ, ಅದೇ ಪಕ್ಷದಿಂದ ಹೊರಟವನಿಗೂ ಬೇರೆ ದಾರಿ ಹಿಡಿಯುವುದು ಸಾಧ್ಯವಾಗಿದ್ದಿತು.

೧೯೪೫ರ ಮೇ ತಿಂಗಳಲ್ಲಿ ಜರ್ಮನಿ ಶರಣಾಯಿತು. ಅಮೆರಿಕನ್ನರ ಕೈಗೆ ಸೆರೆಸಿಕ್ಕಿದ ಹೆನ್‌ಲೈನ್ ಮೇ ೧೦ರಂದು, ತನ್ನ ನಲವತ್ತೇಳನೆಯ ಹುಟ್ಟುಹಬ್ಬವಾಗಿ ನಾಲ್ಕು ದಿನಗಳ ಮೇಲೆ, ಪಿಲ್ಸೆನ್ ಪಟ್ಟಣದ ಸೆರೆಯಲ್ಲಿ ಆತ್ಮಹತ್ಯೆ ಮಾಡಿಕೊಂಡನು. ಫ್ರಾಂಕ್‌ನನ್ನು ೧೯೪೬ರ ಮೇ ೨೨ರಂದು ಪ್ರಾಗ್‌ನ ಸೆರೆಮನೆಯ ಅಂಗಳದಲ್ಲಿ ಜನರೆದುರಿಗೆ ಗಲ್ಲಿಗೇರಿಸಿದರು.

ನಾಯಕರ ಲೆಕ್ಕ ಹೀಗೆ ತೀರಿತು. ಅವರನ್ನು ಹಿಂಬಾಲಿಸಿದವರ ಲೆಕ್ಕವನ್ನು ತೀರಿಸುವ ಕಾರ್ಯ ಆಗತಾನೆ ಮೊದಲಾಗಿದ್ದಿತು. ಮೊದಲು ಸಿಟ್ಟಿನ ಭರದಲ್ಲಿ, ದೊಣ್ಣೆ ಬಂದೂಕಗಳ ಬಲದಿಂದ, ಎಷ್ಟೋ ಕಡೆ ಕೊಲೆ ಸುಲಿಗೆಗಳೊಡನೆ. ಆಮೇಲೆ ಪಾಟ್ಸ್‌ಡಾಮ್ ಸಮ್ಮೇಳನದ ಒಪ್ಪಿಗೆಯಂತೆ ರೈಲುಗಳಲ್ಲಿ, ಸುಮಾರು ಮೂವತ್ತು ಲಕ್ಷ ಜರ್ಮನರು ದೇಶದಿಂದ ಹೊರದೂಡಲ್ಪಟ್ಟರು. ಬೆನೆಶ್ ಹೊರಡಿಸಿದ ಶಾಸನಗಳಿಂದ ಅವರ ಪೌರತ್ವವೂ ಆಸ್ತಿಯೂ ಹೋದುವು. ಜೊತೆಗೆ ಒಯ್ಯಲು ಸಿಕ್ಕಿದುದು ತಲೆಗೆ ಐವತ್ತು ಕಿಲೋ ಸಾಮಾನು, ಕೆಲವೊಮ್ಮೆ ಅದಕ್ಕೂ ಕಡಮೆ. ಇಡಿಯ ಜನಾಂಗಕ್ಕೆ ವಿಧಿಸಿದ ಈ ದಂಡನೆಯನ್ನು ನ್ಯಾಯವೆಂದು ಕರೆಯಲು ನನ್ನ ಮನಸ್ಸು ಒಪ್ಪದು. ಆರು ವರ್ಷ ನಾತ್ಸಿಗಳ ಕಾಲಡಿ ಬಿದ್ದಿದ್ದ ಚೆಕ್ ಜನರ ರೋಷವು ಎಲ್ಲಿಂದ ಬಂದಿತೆಂಬುದನ್ನು ಮರೆಯಲೂ ಆಗದು. ಗಾಬ್ಲೊಂಟ್ಸ್‌ನ ಮಣಿಗಾರರಲ್ಲಿ ಅನೇಕರು ಬವೇರಿಯಾದ ಕೌಫ್‌ಬಾಯ್ರನ್ ಬಳಿ, ಹಾಳುಬಿದ್ದ ಸಿಡಿಮದ್ದಿನ ಕಾರ್ಖಾನೆಯ ನೆಲದಲ್ಲಿ ‘ಹೊಸ ಗಾಬ್ಲೊಂಟ್ಸ್’ ಎಂಬ ಊರನ್ನು ಕಟ್ಟಿಕೊಂಡು ತಮ್ಮ ಕಸಬನ್ನು ಮತ್ತೆ ಮೊದಲುಮಾಡಿದರು.

ಇನ್ನು ೧೯೩೫ರಲ್ಲಿ ಹೆನ್‌ಲೈನನಿಗೆ ಮತಕೊಡದೆ ನಿಂತ ಆ ಮೂರನೆಯ ಒಂದು ಪಾಲಿನವರ ಮಾತು. ಗಣರಾಜ್ಯದ ಮಂತ್ರಿಯಾಗಿದ್ದ ಲುಡ್ವಿಗ್ ಚೆಕ್, ಯೆಹೂದಿಯಾದುದರಿಂದ, ಟೆರೆಜಿನ್ ಶಿಬಿರಕ್ಕೆ ಒಯ್ಯಲ್ಪಟ್ಟು ೧೯೪೨ರಲ್ಲಿ ಅಲ್ಲಿಯೇ ಸತ್ತನು. ಅವನ ಬಳಿಕ ಸಮಾಜವಾದಿ ಜರ್ಮನರ ನಾಯಕನಾದ ವೆಂಟ್ಸೆಲ್ ಯಾಕ್ಷ್ ಲಂಡನ್ನಿಗೆ ತಪ್ಪಿಸಿಕೊಂಡುಹೋಗಿ, ತನ್ನ ಜನರನ್ನು ಹೊರದೂಡಬೇಡಿರೆಂದು ಅಲ್ಲಿದ್ದ ಬೆನೆಶನೊಡನೆ ವಾದಿಸಿ ಸೋತನು. ಡಾಖೌದಿಂದ ಬದುಕಿ ಬಂದ ಅವನ ಅನುಯಾಯಿಗಳನ್ನು ಸರ್ಕಾರವು ನಾತ್ಸಿವಿರೋಧಿಗಳೆಂದು ಮಾನ್ಯಮಾಡಿತು. ಅವರಿಗಾಗಿ ೧೯೪೬ರಲ್ಲಿ ಬೇರೆಯ ರೈಲುಗಳು ಹೊರಟುವು. ಅವುಗಳಲ್ಲಿ ಅವರಿಗೆ ಮೇಜು, ಕುರ್ಚಿ, ಮಂಚ, ಹೊಲಿಗೆಯ ಯಂತ್ರ, ಪುಸ್ತಕಗಳನ್ನು ತುಂಬಿಕೊಂಡು ಹೋಗಲು ಅಪ್ಪಣೆಯಿದ್ದಿತು. ತಮ್ಮ ಭಾಷೆಯ ಶಾಲೆಯಾಗಲಿ ಸಂಘವಾಗಲಿ ನೆರೆಯವರಾಗಲಿ ಉಳಿಯದ ಊರಿನಲ್ಲಿ ಇರಲಾರದೆ ಅವರಲ್ಲಿ ಹೆಚ್ಚಿನವರು ಆ ರೈಲುಗಳನ್ನು ಹತ್ತಿದರು.